ಬರೆಯದೆ ಬಿಟ್ಟ ಹೆಸರುಗಳು

ಹೊರನಾಡ ಕನ್ನಡ ಸಂಘವೊಂದರ ಬಾಗಿಲಿಗೆ ಜನ ಏನೇನು ಕೇಳಿಕೊಂಡು ಬರುತ್ತಾರೆಂಬುದನ್ನು ಯಾರಾದರೂ ಬರೆದಿಟ್ಟಿದ್ದರೆ ಅದೇ ನಮ್ಮ ವಲಸೆಯ ಚರಿತ್ರೆಯಾಗುತ್ತಿತ್ತು. ಒಂದು ಕಾಲಕ್ಕೆ ಪುಣೆಗೆ ಬಂದವರು ಬಾಡಿಗೆಯ ಖೋಲಿ, ಮಕ್ಕಳಿಗೆ ಕನ್ನಡ ಶಾಲೆ, ಮಗಳಿಗೊಂದು ವರ ಎಂದು ಕೇಳುತ್ತಿದ್ದರು. ಇಂದು ಕೋಥರೂಡದಿಂದಲೋ ನಿಗಡಿಯಿಂದಲೋ ಬರುವ ಹಿರಿಯರು ಕೇಳುವುದು ಹೆಚ್ಚಾಗಿ ಛಾಪಾ ಕಾಗದದ ಮೇಲೊಂದು ಸಾಕ್ಷಿಯ ಸಹಿ. ‘ಅವರೂ ಇವರೂ ಒಬ್ಬರೇ’ ಎಂದು ಬಲ್ಲವರು ಬರೆದುಕೊಡಬೇಕು. ಮಗನೋ ಮಗಳೋ ಅಮೆರಿಕೆಯ ಪೌರತ್ವಕ್ಕೆ ಅರ್ಜಿ ಹಾಕಿರುತ್ತಾರೆ, ಇಲ್ಲವೆ ಪೌರತ್ವ ದೊರೆತು ತಂದೆತಾಯಿಯರನ್ನು ಕರೆಸಿಕೊಳ್ಳಲು ಹೊರಟಿರುತ್ತಾರೆ. ಮಗನ ಜನನಪತ್ರದಲ್ಲಿರುವ ತಾಯಿಯ ಹೆಸರೇ ಬೇರೆ, ಆಕೆಯ ಪಾಸ್‌ಪೋರ್ಟಿನಲ್ಲಿರುವ ಹೆಸರೇ ಬೇರೆ ಎಂಬುದು ಆಗ ಮೊದಲ ಬಾರಿಗೆ ಕಣ್ಣಿಗೆ ಬೀಳುತ್ತದೆ. ಇದರ ಜೊತೆಗೇ ದನಿ ತಗ್ಗಿಸಿ ಕೇಳುವ ಇನ್ನೊಂದು ಪ್ರಶ್ನೆಯುಂಟು: ಮೊದಲೊಂದು ಮದುವೆಯಾಗಿ ಮುರಿದಿತ್ತು, ಅದನ್ನು ಬರೆಯಲೇಬೇಕೆ? ಬರೆಯಲೇಬೇಕು ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಆದರೆ ಬರೆಯಲು ಹಿಂಜರಿಯುವಂತೆ ಮಾಡಿದವರು ಯಾರು ಎಂಬುದನ್ನೂ ಈ ಪುಟದಲ್ಲಿ ಹೇಳಬೇಕಾಗಿದೆ.

ಮೊದಲು ಹೆಸರಿನ ಸಂಗತಿ. ಮಹಾರಾಷ್ಟ್ರದಲ್ಲಿಯೂ ನಮ್ಮ ಮುಂಬಯಿ ಕರ್ನಾಟಕದ ಹಲವು ಮನೆತನಗಳಲ್ಲಿಯೂ ವಧುವಿನ ಹೆಸರನ್ನೇ ಬದಲಿಸುವ ರೂಢಿ ತೀರ ಇತ್ತೀಚಿನವರೆಗೆ ಸಾಮಾನ್ಯವಾಗಿತ್ತು. ಕೆಲವೆಡೆ ಈಗಲೂ ಇದೆ. ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ ವರನು ಉಂಗುರದಿಂದ ಹೊಸ ಹೆಸರನ್ನು ಬರೆಯುತ್ತಾನೆ. ಅಕ್ಕಿಯನ್ನು ಕೂಡಿಸಿದೊಡನೆ ಬರಹ ಅಳಿಯುತ್ತದೆ, ಹೆಸರು ಉಳಿಯುತ್ತದೆ. ಧಾರವಾಡದ ಶಾಲೆಯ ದಾಖಲೆಯಲ್ಲಿ ಇಂದಿರೆಯಾಗಿದ್ದವಳು ಪುಣೆಯ ರೇಶನ್ ಕಾರ್ಡಿನಲ್ಲಿ ಸುನಂದೆಯಾಗುತ್ತಾಳೆ. ತಂದೆಯ ಹೆಸರಿದ್ದಲ್ಲಿ ಗಂಡನ ಹೆಸರು, ತವರಿನ ಅಡ್ಡಹೆಸರಿದ್ದಲ್ಲಿ ಅತ್ತೆಯ ಮನೆಯ ಅಡ್ಡಹೆಸರು. ಹೀಗೆ ಅವಳ ಹೆಸರಿನ ಮೂರು ಭಾಗಗಳೂ ಒಂದೇ ಮುಹೂರ್ತದಲ್ಲಿ ಬದಲಾಗುತ್ತವೆ, ಅದಕ್ಕೆ ಗೆಜೆಟ್ಟಿನಲ್ಲಾಗಲಿ ಪತ್ರಿಕೆಯಲ್ಲಾಗಲಿ ಒಂದು ಸಾಲಿನ ಪ್ರಕಟಣೆಯೂ ಇರುವುದಿಲ್ಲ.

ಹಳೆಯ ಮೈಸೂರಿನಿಂದ ಬಂದವರ ಪಾಡು ಬೇರೆ. ಅವರಿಗೆ ಊರಿನ ಮೊದಲಕ್ಷರ, ತಂದೆಯ ಹೆಸರಿನ ಮೊದಲಕ್ಷರ, ಆಮೇಲೆ ತಮ್ಮ ಹೆಸರು. ಇಲ್ಲಿಯ ಕಚೇರಿಯಲ್ಲಿ ‘ಆಡನಾವ’ ಕೇಳಿದಾಗ ಕೆಲವರು ಊರನ್ನು ಕೊಟ್ಟರು, ಕೆಲವರು ಜಾತಿಸೂಚಕವೊಂದನ್ನು ಅಂಟಿಸಿಕೊಂಡರು, ಕೆಲವರು ತಂದೆಯನ್ನೇ ಅಡ್ಡಹೆಸರಾಗಿಸಿದರು. ಒಂದೇ ತಾಯಿಯ ಮಕ್ಕಳು ಎರಡು ಅಡ್ಡಹೆಸರುಗಳಲ್ಲಿ ನಿವೃತ್ತರಾದುದೂ ಉಂಟು.

ಈ ನಗರಕ್ಕೆ ಹೆಸರು ಬದಲಾದ ಹೆಂಗಸರೇನೂ ಹೊಸಬರಲ್ಲ. 1865ರಲ್ಲಿ ಯಮುನೆಯಾಗಿ ಹುಟ್ಟಿದವರು ಮದುವೆಯಲ್ಲಿ ಆನಂದಿಬಾಯಿ ಜೋಶಿಯಾದರು, 1886ರಲ್ಲಿ ಅಮೆರಿಕೆಯ ಪೆನ್ಸಿಲ್ವೇನಿಯಾದಲ್ಲಿ ವೈದ್ಯಪದವಿ ಪಡೆದರು, ಮರುವರ್ಷ ಪುಣೆಯಲ್ಲಿ ತೀರಿಕೊಂಡರು. 1873ರಲ್ಲಿ ನ್ಯಾಯಮೂರ್ತಿ ರಾನಡೆಯವರನ್ನು ವರಿಸಿದ ಇನ್ನೊಬ್ಬ ಯಮುನೆ ರಮಾಬಾಯಿ ರಾನಡೆಯಾದರು. ನಮಗೆ ಇವರೆಲ್ಲರಿಗಿಂತ ಹತ್ತಿರದವರು ಪಂಡಿತಾ ರಮಾಬಾಯಿ. ಅವರು ಹುಟ್ಟಿದ್ದು 1858ರಲ್ಲಿ, ಇಂದು ಕರ್ನಾಟಕದಲ್ಲಿರುವ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ. 1880ರಲ್ಲಿ ಬಂಗಾಳದ ಬಿಪಿನ್ ಬಿಹಾರಿ ಮೇಧಾವಿಯವರೊಡನೆ ಜಾತಿ ಮೀರಿ ನೋಂದಣಿ ವಿವಾಹ. ಎರಡೇ ವರ್ಷದೊಳಗೆ ವೈಧವ್ಯ. 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತದೀಕ್ಷೆ, ಅದರೊಡನೆ ಮತ್ತೊಂದು ಹೆಸರು. ಡೋಂಗ್ರೆ, ಮೇಧಾವಿ, ಸರಸ್ವತಿ, ಮೇರಿ ಎಲ್ಲವೂ ಅವರೇ. ಅಂದಿನ ಪುಣೆ ಅವರನ್ನು ಕಟುವಾಗಿ ನಿಂದಿಸಿತು. ಆದರೆ ಅವರು ಮುಚ್ಚಿಟ್ಟ ಹೆಸರಾಗಲಿ ಮದುವೆಯಾಗಲಿ ಒಂದೂ ಇಲ್ಲ. ಅವರ ಶಾರದಾ ಸದನದಲ್ಲಿ ಓದಿದ ಬಾಲವಿಧವೆ ಗೋದೂಬಾಯಿಯನ್ನು ಧೋಂಡೋ ಕೇಶವ ಕರ್ವೆಯವರು 1893ರಲ್ಲಿ ಇದೇ ಪುಣೆಯಲ್ಲಿ ಬಹಿರಂಗವಾಗಿ ಮದುವೆಯಾದರು, ಹುಟ್ಟೂರು ಮುರುಡದವರ ಬಹಿಷ್ಕಾರವನ್ನೂ ಉಂಡರು. ನೂರಮೂವತ್ತು ವರ್ಷಗಳ ಹಿಂದೆ ಊರಿಗೆಲ್ಲ ಹೇಳಿ ಮಾಡಿದ ಮರುಮದುವೆಯನ್ನು ಇಂದಿನ ವಿದ್ಯಾವಂತ ಕುಟುಂಬ ಅರ್ಜಿಯ ಚೌಕಟ್ಟಿನಲ್ಲಿ ಬರೆಯಲು ಅಳುಕುತ್ತದೆ.

ಅರ್ಜಿ ಕೇಳುವುದಾದರೂ ಏನನ್ನು? ಅಮೆರಿಕೆಯ ಪೌರತ್ವದ ಅರ್ಜಿ ಹುಟ್ಟಿದಂದಿನಿಂದ ಬಳಸಿದ ಬೇರೆಲ್ಲ ಹೆಸರುಗಳನ್ನೂ ಕೇಳುತ್ತದೆ, ಎಷ್ಟು ಬಾರಿ ಮದುವೆಯಾಯಿತೆಂದೂ ಕೇಳುತ್ತದೆ. ನಮ್ಮದೇ ಪಾಸ್‌ಪೋರ್ಟಿನ ಅರ್ಜಿಯಲ್ಲಿಯೂ, ಬೇರೆ ಹೆಸರಿನಿಂದ ಗುರುತಿಸಲ್ಪಟ್ಟಿದ್ದೀರಾ, ಹೆಸರು ಬದಲಿಸಿದ್ದೀರಾ ಎಂಬ ಎರಡು ಪ್ರಶ್ನೆಗಳಿವೆ. ನಮ್ಮವರು ಎರಡಕ್ಕೂ ‘ಇಲ್ಲ’ ಎಂದು ಬರೆದು ಮುಂದೆ ಹೋಗುತ್ತಾರೆ. ಇದು ಮೋಸದ ಬುದ್ಧಿಯಿಂದಲ್ಲ. ಮದುವೆಯಲ್ಲಿ ಇಟ್ಟ ಹೆಸರು ‘ಬದಲಾದ ಹೆಸರು’ ಎಂದು ಅವರಿಗೆ ಅನ್ನಿಸಿಯೇ ಇಲ್ಲ. ಇಂಥದನ್ನು ಅರ್ಜಿಯಲ್ಲಿ ಹೇಳಿಬಿಟ್ಟರೆ ಯಾವ ಅಪಾಯವೂ ಇಲ್ಲ. ಅದಕ್ಕಾಗಿಯೇ ಆ ಖಾಲಿ ಸಾಲುಗಳಿರುವುದು. ಎಲ್ಲ ತಪ್ಪನ್ನೂ ಕಾನೂನು ಒಂದೇ ತಕ್ಕಡಿಯಲ್ಲಿ ತೂಗುವುದೂ ಇಲ್ಲ. 2017ರ ಮಾಸ್ಲೆನ್ಯಾಕ್ ಪ್ರಕರಣದಲ್ಲಿ ಅಮೆರಿಕೆಯ ಸುಪ್ರೀಂ ಕೋರ್ಟು, ಪೌರತ್ವ ದೊರೆಯುವುದರಲ್ಲಿ ಯಾವುದಾದರೂ ಪಾತ್ರ ವಹಿಸಿದ ಸುಳ್ಳಿಗಾಗಿ ಮಾತ್ರ ಒಬ್ಬರನ್ನು ಅಪರಾಧಿಯೆಂದು ಪೌರತ್ವದಿಂದ ಕಳಚಬಹುದೆಂದು ಹೇಳಿತು. ಕುಲಕರ್ಣಿಯ ಇಂಗ್ಲಿಷ್ ಕಾಗುಣಿತದಲ್ಲಿ ಒಂದಕ್ಷರ ಹೆಚ್ಚುಕಡಿಮೆಯಾದರೆ ಯಾರೂ ದೇಶ ಬಿಡಬೇಕಾಗಿಲ್ಲ.

ಮದುವೆಯ ಮಾತು ಹಾಗಲ್ಲ. ಹಿಂದಿನ ಮದುವೆ ಕಾನೂನಿನಂತೆ ಮುಗಿದಿಲ್ಲವಾದರೆ ಮುಂದಿನ ಮದುವೆಯೇ ಅಸಿಂಧು. ಆ ಮುಂದಿನ ಮದುವೆಯ ಬಲದ ಮೇಲೆ ಬಂದ ವೀಸಾ, ವಾಸದ ಹಕ್ಕು, ಪೌರತ್ವಗಳೆಲ್ಲ ಅದರೊಡನೆ ಕುಸಿಯಬಹುದು. ಇಲ್ಲಿ ನಮ್ಮ ನಾಡಿನ ಒಂದು ವಿಶೇಷವನ್ನು ಗಮನಿಸಬೇಕು. ಬಯಲುಸೀಮೆಯ ಅನೇಕ ಸಮುದಾಯಗಳಲ್ಲಿ ಉಡಿಕೆ ಎಂಬ ಮರುಮದುವೆ ಬಹುಕಾಲದಿಂದ ನಡೆದುಬಂದಿದೆ. ದೈವದವರೆದುರು ಬಿಡುಗಡೆಯ ಚೀಟಿ ಬರೆದುಕೊಡುವ ಪದ್ಧತಿಯೂ ಇದೆ. ಮರಾಠಿಯಲ್ಲಿ ಅದನ್ನೇ ಸೋಡಚಿಠ್ಠಿ ಎನ್ನುತ್ತಾರೆ. 1955ರ ಹಿಂದೂ ವಿವಾಹ ಕಾಯಿದೆ ತನ್ನ 29ನೆಯ ಕಲಮಿನಲ್ಲಿ ಇಂಥ ರೂಢಿಯ ವಿಚ್ಛೇದನವನ್ನು ಉಳಿಸಿಕೊಂಡಿದೆ. ಆದರೆ ಅಂಥ ರೂಢಿ ತಮ್ಮ ಸಮುದಾಯದಲ್ಲಿ ಉಂಟೆಂಬುದನ್ನು ಹೇಳಿಕೊಳ್ಳುವವರೇ ಸಾಕ್ಷ್ಯದಿಂದ ಸಿದ್ಧಪಡಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2002ರಲ್ಲಿ ಸ್ಪಷ್ಟಪಡಿಸಿತು. ಆದ್ದರಿಂದ ಚೀಟಿಯೊಂದನ್ನೇ ನಂಬಿ ಪರದೇಶದ ಅಧಿಕಾರಿಯೆದುರು ನಿಲ್ಲುವುದು ಸಾಲದು. ಕುಟುಂಬ ನ್ಯಾಯಾಲಯದಲ್ಲಿ ವೈವಾಹಿಕ ಸ್ಥಿತಿಯ ಬಗೆಗೆ ಘೋಷಣೆ ಪಡೆಯಲು 1984ರ ಕಾಯಿದೆಯಲ್ಲಿ ಅವಕಾಶವಿದೆ. ಕಾಲ ಹಿಡಿಯುತ್ತದೆ, ಹಣವೂ ಬೇಕು. ಅರ್ಜಿ ಹಾಕುವ ಮೊದಲೇ ಮಾಡಿಸಿಕೊಳ್ಳುವುದು ಜಾಣತನ.

ಉಡಿಕೆಯನ್ನು ಕೀಳೆಂದು ಬಗೆದ ಮೇಲ್ವರ್ಗದ ಮನೆಗಳಲ್ಲೇ ಇಂದು ಮುಚ್ಚಿಡುವ ಅಭ್ಯಾಸ ಹೆಚ್ಚು ಎಂಬುದು ವಿಚಿತ್ರವಾದರೂ ನಿಜ. ಮದುವೆಯಾಗಿ ವಿದೇಶಕ್ಕೆ ಹೋಗಿ ಕೆಲವೇ ತಿಂಗಳಲ್ಲಿ ಮರಳಿದ ಮಗಳ ಮೊದಲ ಮದುವೆಯನ್ನು ‘ಆಗಲೇ ಇಲ್ಲ’ ಎಂಬಂತೆ ಮನೆಯವರು ಒರೆಸಿಹಾಕುತ್ತಾರೆ. ಆಲ್ಬಮ್ಮು ಅಟ್ಟಕ್ಕೆ ಹೋಗುತ್ತದೆ, ವಧೂವರರ ಪಟ್ಟಿಯಲ್ಲಿ ಹುಡುಗಿ ಅವಿವಾಹಿತೆಯಾಗುತ್ತಾಳೆ. ಸುಳ್ಳು ಮೊದಲು ಹುಟ್ಟುವುದು ಅಲ್ಲಿ, ನಮ್ಮ ನಡುಮನೆಯಲ್ಲಿ. ಪೌರತ್ವದ ಅರ್ಜಿಗೆ ಅದು ಹತ್ತು ವರ್ಷಗಳ ನಂತರ ಇಳಿಯುತ್ತದೆ. ಗಂಡನಿಗೇ ಹೇಳದಿದ್ದುದನ್ನು ಗಂಡನ ಪಕ್ಕದಲ್ಲಿ ಕುಳಿತು ಅಧಿಕಾರಿಗೆ ಹೇಳಬೇಕಾದ ಆ ಹೆಣ್ಣಿನ ಸಂಕಟವನ್ನು ಊಹಿಸಿಕೊಳ್ಳಿ. ಆಕೆಯನ್ನು ಸುಳ್ಳುಗಾರ್ತಿ ಎನ್ನುವ ಮೊದಲು, ವಿಚ್ಛೇದಿತೆ ಎಂದು ನಿಜ ಬರೆದ ಹುಡುಗಿಯ ಜಾತಕವನ್ನು ನಾವು ಎಷ್ಟು ಬೇಗ ಬದಿಗೆ ಸರಿಸುತ್ತೇವೆ ಎಂಬುದನ್ನು ನೆನೆಯಬೇಕು. ಗಂಡಸಿನ ಮೊದಲ ಮದುವೆಗೆ ಈ ಬೆಲೆ ತೆರುವ ಪ್ರಸಂಗ ಕಡಿಮೆ.

ಅನುಕಂಪದ ಮಾತು ಕಾನೂನನ್ನು ತಡೆಯುವುದಿಲ್ಲ. 1991ರಲ್ಲಿ ಒಂದು ಹೆಸರಿನಿಂದ ಅಮೆರಿಕೆಗೆ ಬಂದಿಳಿದು, ಗಡೀಪಾರಿನ ಆಜ್ಞೆಯಾದ ಮೇಲೆ ಇನ್ನೊಂದು ಹೆಸರಿನಿಂದ ಆಶ್ರಯ ಬೇಡಿ, ಅಲ್ಲಿಯ ಪ್ರಜೆಯನ್ನು ಮದುವೆಯಾಗಿ 2006ರಲ್ಲಿ ಪೌರತ್ವ ಪಡೆದ ಭಾರತೀಯ ಮೂಲದ ನ್ಯೂಜೆರ್ಸಿ ನಿವಾಸಿಯೊಬ್ಬರ ಪೌರತ್ವವನ್ನು 2018ರ ಜನವರಿಯಲ್ಲಿ ಅಲ್ಲಿಯ ನ್ಯಾಯಾಲಯ ರದ್ದುಗೊಳಿಸಿತು. ಹಳೆಯ ಬೆರಳಚ್ಚುಗಳನ್ನು ಗಣಕಕ್ಕೆ ಏರಿಸಿದ ಕಾರ್ಯಾಚರಣೆಯ ಮೊದಲ ಫಲ ಅದು. ಇಂಥ ಸಿವಿಲ್ ಮೊಕದ್ದಮೆಗೆ ಅಲ್ಲಿ ಕಾಲಮಿತಿಯೇ ಇಲ್ಲ. ನಮ್ಮ ದೇಶದಲ್ಲಿಯೂ 1955ರ ಪೌರತ್ವ ಕಾಯಿದೆಯ 10ನೆಯ ಕಲಮು ವಂಚನೆಯಿಂದಲೋ ಮುಖ್ಯ ಸಂಗತಿಯನ್ನು ಮರೆಮಾಚಿಯೋ ಪಡೆದ ಪೌರತ್ವವನ್ನು ಕಿತ್ತುಕೊಳ್ಳುತ್ತದೆ. 17ನೆಯ ಕಲಮು ಐದು ವರ್ಷಗಳವರೆಗಿನ ಸೆರೆಯನ್ನೂ ಹೇಳುತ್ತದೆ. ನೆರೆಯ ತೆಲಂಗಾಣದ ವೇಮುಲವಾಡದ ಮಾಜಿ ಶಾಸಕ ಚೆನ್ನಮನೇನಿ ರಮೇಶ್ ಜರ್ಮನಿಯ ಪೌರರಾಗಿದ್ದು 2009ರಲ್ಲಿ ಭಾರತದ ಪೌರತ್ವವನ್ನು ಮತ್ತೆ ಪಡೆದಿದ್ದರು. ಅವರು ಮುಚ್ಚಿಟ್ಟದ್ದು ಹೆಸರನ್ನಲ್ಲ, ಮದುವೆಯನ್ನಲ್ಲ, ಅರ್ಜಿಗೆ ಮುಂಚಿನ ವಿದೇಶ ಪ್ರವಾಸಗಳನ್ನು. ಹದಿನೈದು ವರ್ಷಗಳ ಮೇಲೆ, 2024ರ ಡಿಸೆಂಬರಿನಲ್ಲಿ, ಹೈಕೋರ್ಟು ಅವರ ವಿರುದ್ಧ ತೀರ್ಪಿತ್ತು 30 ಲಕ್ಷ ರೂಪಾಯಿಗಳ ವೆಚ್ಚವನ್ನೂ ವಿಧಿಸಿತು. ಹಲವು ಬಾರಿ ಶಾಸಕರಾದವರಿಗೇ ಇಲ್ಲದ ರಿಯಾಯಿತಿ ನಮ್ಮ ಮಕ್ಕಳಿಗೆ ಎಲ್ಲಿಂದ ಬರಬೇಕು? ‘ಅದನ್ನೆಲ್ಲ ಬರೆಯಬೇಡಿ, ಸುಮ್ಮನೆ ತೊಡಕು’ ಎಂದು ಸಲಹೆ ಕೊಡುವ ಏಜೆಂಟ್ ಆ ಹೊತ್ತಿಗೆ ಅಂಗಡಿ ಬದಲಿಸಿರುತ್ತಾನೆ.

ಸರಕಾರಗಳ ಪಾಲನ್ನೂ ಹೇಳದಿದ್ದರೆ ಮಾತು ಅರ್ಧವಾದೀತು. ಹೆಸರು ಬದಲಿಸುವ ರೂಢಿಯನ್ನು ಕಣ್ಣುಮುಚ್ಚಿ ಒಪ್ಪಿಕೊಂಡ ವ್ಯವಸ್ಥೆಯೇ ನಂತರ ಹೆಂಗಸರಿಂದ ಸಾಕ್ಷ್ಯ ಕೇಳುತ್ತದೆ. ಅಸ್ಸಾಮಿನ ಪೌರತ್ವ ನೋಂದಣಿಯಲ್ಲಿ ಮದುವೆಯಾಗಿ ಬೇರೆ ಊರು ಸೇರಿದ ಲಕ್ಷಾಂತರ ಹೆಂಗಸರು ತಾವು ಇಂಥ ತಂದೆಯ ಮಗಳೆಂದು ತೋರಿಸಲು ಪಂಚಾಯತಿಯ ಚೀಟಿಯನ್ನೇ ಅವಲಂಬಿಸಿದ್ದರು. ಅದನ್ನು ಗೌಹಾಟಿ ಹೈಕೋರ್ಟು ತಳ್ಳಿಹಾಕಿತು, 2017ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಪರಿಶೀಲನೆಗೊಳಪಟ್ಟಂತೆ ಮತ್ತೆ ಒಪ್ಪಿತು. ಈ ನಡುವೆ ಆ ಹೆಂಗಸರು ಕಳೆದ ತಿಂಗಳುಗಳನ್ನು ಯಾರು ಲೆಕ್ಕ ಹಿಡಿದಿದ್ದಾರೆ? ಕೆಲವು ಸುಧಾರಣೆಗಳೂ ಆಗಿವೆ. ಪಾಸ್‌ಪೋರ್ಟಿಗೆ ವಿವಾಹ ಪ್ರಮಾಣಪತ್ರ ಕಡ್ಡಾಯವೆಂಬ ನಿಯಮವನ್ನು 2016ರ ಡಿಸೆಂಬರಿನಲ್ಲಿ ಕೈಬಿಡಲಾಯಿತು. ಮಹಾರಾಷ್ಟ್ರದಲ್ಲಿ 2024ರ ಮೇ 1ರಿಂದ ಹುಟ್ಟಿದ ಮಕ್ಕಳ ಸರಕಾರಿ ದಾಖಲೆಗಳಲ್ಲಿ ಮಗುವಿನ ಹೆಸರಿನ ಬೆನ್ನಿಗೆ ತಾಯಿಯ ಹೆಸರು, ಆಮೇಲೆ ತಂದೆಯದು, ಕೊನೆಗೆ ಅಡ್ಡಹೆಸರು ಬರಬೇಕೆಂದಾಗಿದೆ. ಸ್ವಾಗತಾರ್ಹವಾದ ಕ್ರಮ. ಆದರೆ ಆ ತಾಯಿಗೆ ಎರಡು ಹೆಸರುಗಳಿದ್ದರೆ ಯಾವುದನ್ನು ಬರೆಯಿಸುವುದೆಂದು ಮನೆಯವರು ಈಗಲೇ ಯೋಚಿಸುವುದು ಒಳ್ಳೆಯದು. ಸೊಸೆಗೆ ಹೊಸ ಹೆಸರಿಡಬೇಕೆಂಬ ಹಿರಿಯರಿಗೂ ಇದು ಯೋಚಿಸಬೇಕಾದ ಸಮಯ.

ಇನ್ನು ಸಂಘಗಳ ಹೊಣೆ. ಜನನಪತ್ರವೇ ಇಲ್ಲದ ಹಿರಿಯರಿಗೆ, ಇಬ್ಬರು ಬಲ್ಲವರ ಪ್ರಮಾಣಪತ್ರ ಬಹಳ ಉಪಕಾರ ಮಾಡುತ್ತದೆ. ಆದರೆ ‘ಬಲ್ಲವರು’ ಎಂಬ ಮಾತಿಗೆ ಅರ್ಥವಿದೆ. ಎರಡು ಹೆಸರಿನಿಂದಲೂ ಆ ವ್ಯಕ್ತಿಯನ್ನು ನಿಜವಾಗಿ ಕಂಡವರು, ಅಥವಾ ಹಳೆಯ ಲಗ್ನಪತ್ರಿಕೆ, ಶಾಲೆ ಬಿಟ್ಟ ದಾಖಲೆಗಳನ್ನು ಮುಂದಿಟ್ಟುಕೊಂಡು ತಾವು ಕಂಡದ್ದು ಇಷ್ಟೇ ಎಂದು ಬರೆಯುವವರು ಸಹಿ ಹಾಕಲಿ. ಊರವರೆಂಬ ಅಭಿಮಾನಕ್ಕೆ, ‘ಇವರಿಗೆ ಹಿಂದೆ ಮದುವೆಯಾಗಿರಲಿಲ್ಲ’ ಎಂದು ಸಂಘದ ಮುದ್ರೆಯೊತ್ತಿ ಕೊಡುವುದು ಬೇಡ.

ಸಂಘಗಳು ಚೆನ್ನಾಗಿ ಮಾಡಬಲ್ಲ ಕೆಲಸವೊಂದಿದೆ: ಅನುವಾದ. ಹಿರಿಯರ ಶಾಲಾ ದಾಖಲೆಗಳು, ಗ್ರಾಮದ ಜನನ ನೋಂದಣಿ, ಲಗ್ನಪತ್ರಿಕೆಗಳು ಕನ್ನಡದಲ್ಲಿರುತ್ತವೆ. ಅವುಗಳ ಪೂರ್ಣವೂ ನಿಖರವೂ ಆದ ಇಂಗ್ಲಿಷ್ ಅನುವಾದವನ್ನು, ಎರಡೂ ಭಾಷೆ ಬಲ್ಲೆನೆಂಬ ಅನುವಾದಕನ ಹೇಳಿಕೆಯೊಡನೆ, ಅಮೆರಿಕೆಯ ಕಚೇರಿ ಒಪ್ಪುತ್ತದೆ. ಇಂಥ ಅನುವಾದ ಮಾಡುವಾಗ ಹಳೆಯ ಹೆಸರನ್ನು ಇಂದಿನ ಹೆಸರಿಗೆ ಹೊಂದುವಂತೆ ‘ತಿದ್ದಿಕೊಡಿ’ ಎಂಬ ಒತ್ತಾಯ ಬಂದೇ ಬರುತ್ತದೆ. ಗದಗಿನ ಶಾಲೆಯ ಪುಸ್ತಕದಲ್ಲಿ ತಂಗೆವ್ವ ಎಂದಿದ್ದರೆ ಅನುವಾದದಲ್ಲಿಯೂ ತಂಗೆವ್ವ ಎಂದೇ ಇರಬೇಕು. ಆಕೆ ಈಗ ಪುಣೆಯಲ್ಲಿ ಸುನಂದಾ ಎಂಬುದನ್ನು ಇನ್ನೊಂದು ಹಾಳೆಯಲ್ಲಿ ಆಕೆಯೇ ತನ್ನ ಸಹಿಯೊಡನೆ ಬರೆದುಕೊಡಲಿ.