ಹತ್ತನೇ ತರಗತಿಯ ನಂತರ ಊಟ ಯಾರ ಹೊಣೆ?

ಸ್ಥೂಲಕಾಯವೆಂಬುದು ಸಿರಿವಂತರ ಮನೆಯ ಕಾಯಿಲೆ ಎಂದು ನಂಬಿಕೊಂಡಿದ್ದ ಕಾಲವೊಂದಿತ್ತು. ಅಂಕಿ ಅಂಶಗಳು ಈಗ ಬೇರೆಯದನ್ನೇ ಹೇಳುತ್ತಿವೆ. 2015–16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಶೇ 23.3ರಷ್ಟು ಮಹಿಳೆಯರು ಹಾಗೂ ಶೇ 22.1ರಷ್ಟು ಪುರುಷರು ಅಧಿಕ ತೂಕದವರಾಗಿದ್ದರು. 2019–21ರ ಸಮೀಕ್ಷೆಯ ವೇಳೆಗೆ ಈ ಪ್ರಮಾಣ ಕ್ರಮವಾಗಿ ಶೇ 30.1 ಮತ್ತು ಶೇ 30.9ಕ್ಕೆ ಏರಿತು. ಎರಡೂ ರಾಷ್ಟ್ರೀಯ ಸರಾಸರಿಗಿಂತ ಹೆಚ್ಚು. ಇದೇ ರಾಜ್ಯದಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಮಹಿಳೆಯರು ರಕ್ತಹೀನತೆಯಿಂದ ಬಳಲುತ್ತಿದ್ದಾರೆ ಎಂಬುದನ್ನೂ ಅದೇ ಸಮೀಕ್ಷೆ ದಾಖಲಿಸಿದೆ. ಹೊಟ್ಟೆ ತುಂಬಿದೆ, ಪೋಷಣೆ ಮಾತ್ರ ಸಿಕ್ಕಿಲ್ಲ.

ಹದಿನೈದರಿಂದ ಹತ್ತೊಂಬತ್ತರ ವಯೋಮಾನದಲ್ಲಿ ಅಧಿಕ ತೂಕದವರ ಪ್ರಮಾಣ ಕಡಿಮೆ. ಇಪ್ಪತ್ತರ ಆಸುಪಾಸಿನಿಂದ ಅದು ಏರತೊಡಗಿ, ಮೂವತ್ತು ದಾಟುವಷ್ಟರಲ್ಲಿ ಆತಂಕದ ಮಟ್ಟ ಮುಟ್ಟುತ್ತದೆ. ಅಂದರೆ ಏರುಮುಖದ ಆರಂಭ ಇರುವುದು ಕಾಲೇಜು ದಿನಗಳಲ್ಲಿ. ಆದ್ದರಿಂದ ಆ ದಿನಗಳಲ್ಲಿ ನಮ್ಮ ಮಕ್ಕಳು ಏನು ತಿನ್ನುತ್ತಾರೆ ಎಂಬ ಪ್ರಶ್ನೆಯನ್ನು ತಾಯಂದಿರ ಗೊಣಗಾಟಕ್ಕಷ್ಟೇ ಬಿಟ್ಟುಬಿಡುವುದು ತರವಲ್ಲ.

ನಮ್ಮ ಸಾರ್ವಜನಿಕ ನೀತಿಯ ವಿಚಿತ್ರವೊಂದನ್ನು ಇಲ್ಲಿ ಗಮನಿಸಬೇಕು. ಮಗು ಗರ್ಭದಲ್ಲಿರುವಾಗಲೇ ಸರ್ಕಾರ ಅದರ ಆಹಾರದ ಚಿಂತೆ ಆರಂಭಿಸುತ್ತದೆ. 1975ರಿಂದ ಅಂಗನವಾಡಿಗಳಿವೆ. ಈ ಶತಮಾನದ ಆರಂಭದಲ್ಲಿ ಬಂದ ಬಿಸಿಯೂಟ ಹಂತ ಹಂತವಾಗಿ ಹತ್ತನೇ ತರಗತಿಯವರೆಗೆ ವಿಸ್ತರಿಸಿತು. 2013ರಲ್ಲಿ ಕ್ಷೀರಭಾಗ್ಯ ಸೇರಿತು. 2024ರಲ್ಲಿ ಖಾಸಗಿ ಪ್ರತಿಷ್ಠಾನವೊಂದರ ನೆರವಿನಿಂದ ಮೊಟ್ಟೆ ವಾರಕ್ಕೆ ಆರು ದಿನಗಳಿಗೆ ಏರಿತು. ಇವೆಲ್ಲ ಶ್ಲಾಘನೀಯ. ಆದರೆ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನ ಈ ಕಾಳಜಿಯೆಲ್ಲ ನಿಂತುಹೋಗುತ್ತದೆ. ಹಾಸ್ಟೆಲ್ ಸೀಟು ಸಿಕ್ಕಿದವರನ್ನು ಬಿಟ್ಟರೆ, ಹದಿನಾರರ ಹುಡುಗ ಹುಡುಗಿಯರನ್ನು ಪೇಟೆಯ ಕೈಗೆ ಒಪ್ಪಿಸಿ ನಾವು ನಿಶ್ಚಿಂತರಾಗುತ್ತೇವೆ.

ಪೇಟೆ ಏನು ಕೊಡುತ್ತದೆ? ಬೆಂಗಳೂರಿನ ಯಾವುದೇ ಕಾಲೇಜಿನ ಸುತ್ತ ಒಂದು ಸುತ್ತು ಹಾಕಿದರೆ ಉತ್ತರ ಸಿಗುತ್ತದೆ. ಬೇಕರಿಯಲ್ಲಿ ಪಫ್ ಮತ್ತು ಖಾರಾ ಬನ್, ಗಾಡಿಯಲ್ಲಿ ಗೋಬಿ ಮಂಚೂರಿ, ಗೂಡಂಗಡಿಯಲ್ಲಿ ಹತ್ತು ರೂಪಾಯಿಯ ಚಿಪ್ಸ್ ಪೊಟ್ಟಣ, ತಂಪು ಪಾನೀಯ. ಗೋಬಿಗೆ ಬಳಿಯುತ್ತಿದ್ದ ಕೃತಕ ಬಣ್ಣವನ್ನು ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಿದ್ದು ಸರಿಯಷ್ಟೆ. ಆದರೆ ಬಣ್ಣ ಹೋದರೂ ಮೈದಾ ಉಳಿಯಿತು, ಮತ್ತೆ ಮತ್ತೆ ಕಾಯಿಸಿದ ಎಣ್ಣೆಯೂ ಉಳಿಯಿತು. ದಿನಕ್ಕೆ 20ರಿಂದ 25 ಗ್ರಾಂಗಿಂತ ಹೆಚ್ಚು ಸಕ್ಕರೆ ಸೇರಿಸಿಕೊಳ್ಳಬಾರದೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಹೇಳಿದೆ. 300 ಮಿಲಿಲೀಟರ್‌ನ ಒಂದು ಕೋಲಾದಲ್ಲಿಯೇ ಸುಮಾರು 30 ಗ್ರಾಂ ಇರುತ್ತದೆ.

ಇದನ್ನು ಯುವಜನರ ನಾಲಿಗೆ ಚಪಲವೆಂದು ಬೈದು ಮುಗಿಸುವುದು ಸುಲಭ. ಅರ್ಥಶಾಸ್ತ್ರ ಓದಿದವನಿಗೆ ಅದು ಒಪ್ಪಿಗೆಯಾಗದು. ವಿದ್ಯಾರ್ಥಿಯ ಜೇಬಿನಲ್ಲಿರುವುದು ನಲವತ್ತೋ ಐವತ್ತೋ ರೂಪಾಯಿ, ಕೈಯಲ್ಲಿರುವುದು ಇಪ್ಪತ್ತು ನಿಮಿಷದ ಬಿಡುವು. ಆ ಹಣಕ್ಕೆ, ಆ ಸಮಯದಲ್ಲಿ, ಅತಿ ಹೆಚ್ಚು ಕ್ಯಾಲೊರಿ ಒದಗಿಸುವುದು ಎಣ್ಣೆ, ಸಕ್ಕರೆ ಮತ್ತು ಮೈದಾ. ಬೇಳೆ, ಕಾಳು, ಹಣ್ಣು, ತರಕಾರಿಗಳು ಅವುಗಳೊಡನೆ ಬೆಲೆಯಲ್ಲಿ ಸ್ಪರ್ಧಿಸಲಾರವು. ಇದು ಆಕಸ್ಮಿಕವೂ ಅಲ್ಲ. 1994ರಲ್ಲಿ ಪಾಮೊಲಿನ್ ಆಮದನ್ನು ಮುಕ್ತಗೊಳಿಸಿದ ಮೇಲೆ ಅಗ್ಗದ ಎಣ್ಣೆ ದೇಶದೊಳಕ್ಕೆ ಹರಿದುಬಂದಿತು. ಇಂದು ನಮ್ಮ ಖಾದ್ಯ ತೈಲದ ಅರ್ಧಕ್ಕಿಂತ ಹೆಚ್ಚು ಪಾಲು ಹೊರಗಿನಿಂದ ಬರುತ್ತದೆ. ತಲಾ ಬಳಕೆ ವರ್ಷಕ್ಕೆ 19 ಕಿಲೋ ದಾಟಿದೆ. ವೈದ್ಯರು ಹೇಳುವ ಮಿತಿ ಸುಮಾರು 12 ಕಿಲೋ.

ಕೇಂದ್ರದ ಗೃಹಬಳಕೆ ವೆಚ್ಚದ ಸಮೀಕ್ಷೆ ಇದನ್ನೇ ಇನ್ನೊಂದು ದಿಕ್ಕಿನಿಂದ ತೋರಿಸುತ್ತದೆ. 2022–23ರಲ್ಲಿ ನಗರವಾಸಿಗಳ ಒಟ್ಟು ವೆಚ್ಚದಲ್ಲಿ ಧಾನ್ಯಗಳ ಪಾಲು ಶೇ 3.6ರಷ್ಟು ಮಾತ್ರ, ಪಾನೀಯ ಮತ್ತು ಸಂಸ್ಕರಿತ ಆಹಾರದ ಪಾಲು ಶೇ 10.6. ಹಳ್ಳಿಗಳಲ್ಲಿಯೂ ಎರಡನೆಯದು ಶೇ 9.6 ಮುಟ್ಟಿದೆ. ಆದಾಯ ಹೆಚ್ಚಿದಂತೆ ಧಾನ್ಯದ ಪಾಲು ಇಳಿಯುವುದು ಸಹಜ. ಆ ಜಾಗಕ್ಕೆ ಹಾಲು, ಹಣ್ಣು, ಮೊಟ್ಟೆಗಳು ಬರಬೇಕಿತ್ತು. ಅವು ಬಂದಿಲ್ಲವೆಂದಲ್ಲ, ಪೊಟ್ಟಣಗಳು ಅವನ್ನು ಹಿಂದಿಕ್ಕಿವೆ.

ತೆರಿಗೆ ನೀತಿಯೂ ಗೊಂದಲದಲ್ಲಿದೆ. 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಪರಿಷ್ಕರಣೆಯಾದಾಗ ಸಕ್ಕರೆಯ ತಂಪು ಪಾನೀಯಗಳನ್ನು ಶೇ 40ರ ದರದಲ್ಲಿ ಇರಿಸಿದರು, ಸರಿಯೇ. ಅದೇ ಉಸಿರಿನಲ್ಲಿ ಬಿಸ್ಕತ್ತು, ಚಾಕೊಲೇಟು, ಪೊಟ್ಟಣದ ಕುರುಕಲು, ದಿಢೀರ್ ನೂಡಲ್ಸ್‌ಗಳ ಮೇಲಿನ ತೆರಿಗೆಯನ್ನು ಶೇ 5ಕ್ಕೆ ಇಳಿಸಿದರು. ಅದೇ ವರ್ಷದ ಫೆಬ್ರುವರಿಯಲ್ಲಿ ಪ್ರಧಾನಿಯವರು ಬೊಜ್ಜಿನ ವಿರುದ್ಧ ಕರೆ ನೀಡಿ, ಅಡುಗೆ ಎಣ್ಣೆಯನ್ನು ಶೇ 10ರಷ್ಟು ಕಡಿಮೆ ಬಳಸಲು ಹೇಳಿದ್ದರು. ಹಬ್ಬದ ವೇಳೆ ಗ್ರಾಹಕರಿಗೆ ಸಂತೋಷವಾಗಿರಬಹುದು, ಆದರೆ ಆರೋಗ್ಯ ಸಚಿವಾಲಯ ಮತ್ತು ಹಣಕಾಸು ಸಚಿವಾಲಯಗಳು ಒಂದೇ ಸರ್ಕಾರದ ಅಂಗಗಳೆಂಬುದು ಈ ವಿಷಯದಲ್ಲಿ ಗೋಚರಿಸಲಿಲ್ಲ.

ಹಾಗಿದ್ದರೆ ನಿಷೇಧ? ವಿಶ್ವವಿದ್ಯಾಲಯ ಧನಸಹಾಯ ಆಯೋಗ 2016ರಲ್ಲಿ, ಮತ್ತೆ 2018ರಲ್ಲಿ, ಕ್ಯಾಂಪಸ್ಸುಗಳಲ್ಲಿ ಕುರುಕಲು ತಿಂಡಿ ಮಾರದಂತೆ ಸುತ್ತೋಲೆ ಹೊರಡಿಸಿತು. ಸುತ್ತೋಲೆಗಳ ಗತಿ ನನ್ನಂಥವರಿಗೆ ಹೊಸತೇನಲ್ಲ. ಒಳಗೆ ನಿಲ್ಲಿಸಿದ್ದು ಗೇಟಿನಾಚೆ ಸಿಗುತ್ತದೆ. ಗೇಟಿನಾಚೆಯೂ ತಡೆದರೆ ಮೊಬೈಲಿನಲ್ಲಿ ಬೆರಳೊತ್ತಿದರೆ ಬಾಗಿಲಿಗೇ ಬರುತ್ತದೆ. ಕೇರಳ 2016ರಲ್ಲಿ ಬರ್ಗರ್, ಪಿಜ್ಜಾಗಳ ಮೇಲೆ ಶೇ 14.5ರ ‘ಕೊಬ್ಬಿನ ತೆರಿಗೆ’ ವಿಧಿಸಿತು. ಮರುವರ್ಷ ಜಿಎಸ್‌ಟಿ ಬಂದು ಆ ಪ್ರಯೋಗ ಫಲ ತಿಳಿಯುವ ಮುನ್ನವೇ ಮುಗಿದುಹೋಯಿತು.

ನನ್ನ ಅಭಿಪ್ರಾಯದಲ್ಲಿ ಗಮನ ಹರಿಸಬೇಕಾದ್ದು ಕಾಲೇಜು ಕ್ಯಾಂಟೀನಿನ ಟೆಂಡರಿನ ಕಡೆಗೆ. ಸೇವೆಯಲ್ಲಿದ್ದಾಗ ಇಂಥ ಕಡತಗಳನ್ನು ಸಾಕಷ್ಟು ನೋಡಿದ್ದೇನೆ. ಹೆಚ್ಚು ಬಾಡಿಗೆ ಕೊಡುವವನಿಗೆ ಕ್ಯಾಂಟೀನು. ಆಡಿಟ್ ದೃಷ್ಟಿಯಿಂದ ಇದಕ್ಕಿಂತ ನಿರಪಾಯಕಾರಿ ನಿಯಮವಿಲ್ಲ. ಆದರೆ ದುಬಾರಿ ಬಾಡಿಗೆ ಕಟ್ಟುವ ಗುತ್ತಿಗೆದಾರ ಅದನ್ನು ಎಲ್ಲಿಂದ ಹುಟ್ಟಿಸಬೇಕು? ಕರಿದ ತಿಂಡಿಯಿಂದ, ಪೊಟ್ಟಣದ ಕಮಿಷನ್ನಿನಿಂದ, ಪಾನೀಯ ಕಂಪನಿ ಉಚಿತವಾಗಿ ತಂದಿಡುವ ಫ್ರಿಜ್ಜಿನಿಂದ. ಅನ್ನ, ಹುಳಿ, ಪಲ್ಯ, ಮಜ್ಜಿಗೆಯ ಊಟದಲ್ಲಿ ಅಷ್ಟು ಲಾಭವಿಲ್ಲ. ಈ ಹರಾಜನ್ನು ತಲೆಕೆಳಗು ಮಾಡಬೇಕು. ಬಾಡಿಗೆಯನ್ನು ನಾಮಮಾತ್ರಕ್ಕೆ ನಿಗದಿಪಡಿಸಿ, ಬೇಳೆ ಅಥವಾ ಮೊಟ್ಟೆ, ತರಕಾರಿ, ಮೊಸರು ಇರುವ ಒಂದು ಗೊತ್ತಾದ ತಟ್ಟೆಯನ್ನು ಯಾರು ಕಡಿಮೆ ಬೆಲೆಗೆ ಕೊಡುತ್ತಾರೋ ಅವರಿಗೆ ಗುತ್ತಿಗೆ ಕೊಡಬೇಕು. 2017ರಲ್ಲಿ ಆರಂಭವಾದಾಗ ಇಂದಿರಾ ಕ್ಯಾಂಟೀನು ಐದು ರೂಪಾಯಿಗೆ ತಿಂಡಿ, ಹತ್ತು ರೂಪಾಯಿಗೆ ಊಟ ಕೊಟ್ಟಿತು. ಅದರ ಲೋಪಗಳೇನೇ ಇರಲಿ, ದೊಡ್ಡ ಅಡುಗೆಮನೆಯಿಂದ ಅಗ್ಗದ ಊಟ ಸಾಗಿಸುವುದು ಆಡಳಿತಕ್ಕೆ ಅಸಾಧ್ಯವಲ್ಲ ಎಂಬುದಂತೂ ರುಜುವಾತಾಯಿತು.

ಪಿ.ಜಿ.ಗಳ ವಿಷಯವೂ ಇದೆ. ಆಗಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ 2024ರಲ್ಲಿ ಅವುಗಳಿಗೆ ನಿಯಮಾವಳಿ ರೂಪಿಸಿ, ತಲಾ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು ಎಂದೆಲ್ಲ ಲೆಕ್ಕ ಹಾಕಿತು. ತಟ್ಟೆಯಲ್ಲಿ ಏನಿರಬೇಕೆಂಬ ಲೆಕ್ಕ ಅದರಲ್ಲಿರಲಿಲ್ಲ. ಬೆಳಿಗ್ಗೆ ಚಿತ್ರಾನ್ನ, ರಾತ್ರಿ ಅನ್ನ ಮತ್ತು ನೀರಾದ ಸಾರು ಉಂಡು ಬೇಸತ್ತ ಹುಡುಗಿ ಹತ್ತು ಗಂಟೆಗೆ ಬಿರಿಯಾನಿ ತರಿಸಿಕೊಂಡರೆ ಅವಳನ್ನು ದೂರಿ ಪ್ರಯೋಜನವಿಲ್ಲ. ಆಟದ ಮೈದಾನವಿಲ್ಲದ ವಾಣಿಜ್ಯ ಕಟ್ಟಡಗಳಲ್ಲಿ ಪಿಯು ಕಾಲೇಜು ನಡೆಸಲು ಅನುಮತಿ ಕೊಟ್ಟವರು ಯಾರು ಎಂಬುದನ್ನೂ ಕೇಳಬೇಕಾಗುತ್ತದೆ. ಬೆಳಿಗ್ಗೆ ಏಳರಿಂದ ರಾತ್ರಿ ಎಂಟರವರೆಗೆ ತರಗತಿ ಮತ್ತು ಕೋಚಿಂಗ್ ಬೆಂಚಿಗೆ ಅಂಟಿಕೊಂಡವರು ಬೆವರು ಹರಿಸುವುದಾದರೂ ಯಾವಾಗ?

ಭಾರತೀಯರ ಶರೀರ ಈ ವಿಷಯದಲ್ಲಿ ಉದಾರವಾಗಿಲ್ಲ. ಪುಣೆಯ ಡಾ. ಸಿ.ಎಸ್. ಯಾಜ್ಞಿಕ್ ಅವರು ದಶಕಗಳಿಂದ ತೋರಿಸುತ್ತ ಬಂದಿರುವಂತೆ, ನೋಡಲು ತೆಳ್ಳಗಿದ್ದರೂ ನಮ್ಮಲ್ಲಿ ಹೊಟ್ಟೆಯ ಸುತ್ತ ಕೊಬ್ಬು ಹೆಚ್ಚು. ಆದುದರಿಂದಲೇ ನಮ್ಮ ವೈದ್ಯರು ಅಧಿಕ ತೂಕದ ಗಡಿಯನ್ನು ವಿಶ್ವ ಆರೋಗ್ಯ ಸಂಸ್ಥೆಯ 25ರ ಬಿ.ಎಂ.ಐ. ಬದಲು 23ಕ್ಕೇ ಇಟ್ಟಿದ್ದಾರೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ ದೇಶದ ಮಧುಮೇಹಿಗಳ ಸಂಖ್ಯೆಯನ್ನು 10.1 ಕೋಟಿ ಎಂದು ಅಂದಾಜಿಸಿದೆ. ಮೂವತ್ತೈದಕ್ಕೇ ಮಾತ್ರೆ ಆರಂಭಿಸಿದವನು ಮುಂದಿನ ಮೂರು ದಶಕ ಅದನ್ನು ಕೊಳ್ಳಬೇಕು, ಬಹುಪಾಲು ತನ್ನ ಸಂಬಳದಿಂದಲೇ. ಕ್ಯಾಂಟೀನಿನ ಬಾಡಿಗೆಯಿಂದ ಕಾಲೇಜಿಗೆ ವರ್ಷಕ್ಕೆ ಬರುವ ಕೆಲವು ಲಕ್ಷಗಳನ್ನು ಈ ಖರ್ಚಿನ ಪಕ್ಕದಲ್ಲಿಟ್ಟು ನೋಡುವ ಕೆಲಸವನ್ನು ಹಣಕಾಸು ಇಲಾಖೆ ಒಮ್ಮೆ ಮಾಡಬಹುದು.