ತಕ್ಕಡಿಗೆ ಮುದ್ರೆ ಹಾಕುವವರು ಅಂಗಡಿ ಸೇರಿದರೆ

ಪತ್ರಕರ್ತರು ಕೆಲಸ ಬಿಟ್ಟು ಸಾರ್ವಜನಿಕ ಸಂಪರ್ಕದ ಕಂಪೆನಿ ಸೇರುವುದು ಬೆಂಗಳೂರಿನಲ್ಲಿ ಈಗ ಅಚ್ಚರಿಯ ಸಂಗತಿಯಲ್ಲ. ನಿನ್ನೆಯವರೆಗೆ ಪತ್ರಿಕಾಗೋಷ್ಠಿಯಲ್ಲಿ ಪ್ರಶ್ನೆ ಕೇಳುತ್ತಿದ್ದವರು ಇಂದು ಅದೇ ಗೋಷ್ಠಿಯ ಬಾಗಿಲಲ್ಲಿ ನಿಂತು ಪ್ರಕಟಣೆ ಹಂಚುತ್ತಾರೆ.

ಹೋದವರನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಮನೆ ಬಾಡಿಗೆ, ಮಕ್ಕಳ ಶಾಲಾ ಶುಲ್ಕ ಆದರ್ಶವನ್ನು ನೋಡಿ ಸುಮ್ಮನಿರುವುದಿಲ್ಲ. ಮಜೀಠಿಯಾ ವೇತನ ಮಂಡಳಿಯ ಶಿಫಾರಸುಗಳನ್ನು ಸುಪ್ರೀಂ ಕೋರ್ಟ್ 2014ರಲ್ಲಿ ಎತ್ತಿಹಿಡಿಯಿತು. ಆ ಸಂಬಳ ಕೈಗೆ ಬರಲಿಲ್ಲವೆಂದು ಪತ್ರಿಕಾ ನೌಕರರು ನ್ಯಾಯಾಂಗ ನಿಂದನೆಯ ಅರ್ಜಿ ಹಿಡಿದು ಮತ್ತೆ ಅದೇ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ಊರಿನ ಅನ್ಯಾಯದ ಬಗ್ಗೆ ಸಂಪಾದಕೀಯ ಬರೆಯುವ ಮಾಲೀಕರು ತಮ್ಮ ವರದಿಗಾರನಿಗೆ ನ್ಯಾಯವಾದ ಸಂಬಳ ಕೊಡದಿದ್ದರೆ ಮೊದಲ ಆರೋಪಿ ಯಾರು?

ಆದರೆ 'ಎರಡೂ ಬರೆಯುವ ಕೆಲಸವೇ, ಎರಡೂ ಒಂದೇ' ಎಂಬ ವಾದವನ್ನು ನಾವು ಒಪ್ಪುವುದಿಲ್ಲ. ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಯಾವ ಹಣ್ಣಿನ ವ್ಯಾಪಾರಿಯನ್ನಾದರೂ ಕೇಳಿ. ತನ್ನ ಮಾಲನ್ನು ಹೊಗಳಿ ಕೂಗುವುದು ವ್ಯಾಪಾರ, ಅದರಲ್ಲಿ ತಪ್ಪಿಲ್ಲ. ತಕ್ಕಡಿಯನ್ನು ಪರೀಕ್ಷಿಸಿ ಮುದ್ರೆ ಹಾಕುವುದು ಬೇರೆ ಕೆಲಸ. ಮುದ್ರೆ ಹಾಕುವವರು ನೌಕರಿ ಬಿಟ್ಟು ಅಂಗಡಿ ಸೇರಬಹುದು, ಆದರೆ ಮುದ್ರೆಯನ್ನು ಜೇಬಿನಲ್ಲಿಟ್ಟುಕೊಂಡು ಹೋಗುವಂತಿಲ್ಲ. ಪತ್ರಕರ್ತನ ಮುದ್ರೆ ಎಂದರೆ ಓದುಗರ ನಂಬಿಕೆ. ಕಂಪೆನಿಗಳು ಹೆಚ್ಚು ಬೆಲೆ ಕೊಟ್ಟು ಕೊಳ್ಳುವುದು ಅದನ್ನೇ.

ಈ ವೃತ್ತಿಯ ಮೂಲಪುರುಷರಲ್ಲಿ ಒಬ್ಬನೆನಿಸಿದ ಅಮೆರಿಕದ ಐವಿ ಲೀ ಕೂಡ ಮೊದಲು ಪತ್ರಕರ್ತನೇ. ಪತ್ರಿಕೆಗಳಿಗೆ ನಿಖರ ಮಾಹಿತಿಯನ್ನೇ ಕೊಡುತ್ತೇವೆಂದು ಆತ 1906ರಲ್ಲಿ ಘೋಷಿಸಿದ. 1914ರಲ್ಲಿ ಕೊಲರಾಡೋದ ಲಡ್ಲೋದಲ್ಲಿ ಮುಷ್ಕರನಿರತ ಗಣಿ ಕಾರ್ಮಿಕರ ಡೇರೆಗಳ ಮೇಲೆ ದಾಳಿ ನಡೆದು ಹೆಂಗಸರು, ಮಕ್ಕಳು ಸತ್ತರು. ಆಗ ರಾಕ್‌ಫೆಲರ್ ಕುಟುಂಬದ ಪರವಾಗಿ ಪ್ರಕಟಣೆ ಹಂಚಿದವನು ಅದೇ ಲೀ. ಕಾರ್ಮಿಕ ನಾಯಕರ ಸಂಬಳದ ಬಗ್ಗೆ ಆತ ಕೊಟ್ಟ ಉಬ್ಬಿಸಿದ ಅಂಕಿ ಸುಳ್ಳೆಂದು ಆಮೇಲೆ ಬಯಲಾಯಿತು.

ಬಹಿರಂಗವಾಗಿ ಹೋಗುವವರ ಬಗ್ಗೆ ನಮ್ಮ ತಕರಾರಿಲ್ಲ. 2013ರಲ್ಲಿ ಪ್ರಜಾವಾಣಿಯ ದಿನೇಶ್ ಅಮೀನ್ ಮಟ್ಟು ಅವರು ಮುಖ್ಯಮಂತ್ರಿ ಸಿದ್ದರಾಮಯ್ಯನವರ ಮಾಧ್ಯಮ ಸಲಹೆಗಾರರಾದಾಗ ಅದು ನಾಡಿಗೇ ಗೊತ್ತಿತ್ತು. ಅವರ ಮಾತನ್ನು ಹೇಗೆ ತೂಗಬೇಕೆಂದು ಓದುಗರು ತಿಳಿದಿದ್ದರು. ಅಪಾಯ ಇರುವುದು ಗುಟ್ಟಿನಲ್ಲಿ. 2009ರ ಚುನಾವಣೆಯಲ್ಲಿ ಅಭ್ಯರ್ಥಿಗಳ ಹಣಕ್ಕೆ ಸುದ್ದಿ ಮಾರಾಟವಾದದ್ದನ್ನು ಪತ್ರಿಕಾ ಮಂಡಳಿಯ ಉಪಸಮಿತಿಯೇ ದಾಖಲಿಸಿತು. ಅಲ್ಲಿ ಯಾರೂ ಕೆಲಸ ಬಿಟ್ಟಿರಲಿಲ್ಲ. ಪತ್ರಿಕೆಯೇ ಪ್ರಚಾರದ ಕಚೇರಿಯಾಗಿತ್ತು!

ಇದರ ನಷ್ಟ ಯಾರಿಗೆ? 2012ರ ಫೆಬ್ರವರಿ 25ರ ನಸುಕಿನಲ್ಲಿ ರಸೆಲ್ ಮಾರುಕಟ್ಟೆಗೆ ಬೆಂಕಿ ಬಿದ್ದು ನೂರಕ್ಕೂ ಹೆಚ್ಚು ಅಂಗಡಿಗಳು ಸುಟ್ಟುಹೋದವು. ಬೆಂಕಿಯ ದಿನ ಕ್ಯಾಮರಾಗಳು ತಾವಾಗಿಯೇ ಬರುತ್ತವೆ. ಆದರೆ ತಂತಿಗಳನ್ನು ನೋಡಿಕೊಳ್ಳಬೇಕಾದವರು ಯಾರು, ಪರಿಹಾರ ಎಷ್ಟು, ಹೊಸ ಕಟ್ಟಡ ಬಂದರೆ ಹಳೆಯ ವ್ಯಾಪಾರಿಗೆ ಮಳಿಗೆ ಉಂಟೇ ಎಂದು ಕೇಳಲು ತಿಂಗಳುಗಟ್ಟಲೆ ಮತ್ತೆ ಮತ್ತೆ ಬರುವ ವರದಿಗಾರ ಬೇಕು. ಮಾಲ್ ಕಟ್ಟುವವರಿಗೆ ಪ್ರಚಾರಾಧಿಕಾರಿ ಇರುತ್ತಾನೆ, ಆಡಳಿತಕ್ಕೆ ವಾರ್ತಾ ಇಲಾಖೆ ಇದೆ. ಸೊಪ್ಪು ಮಾರುವ ಅಜ್ಜಿಗೆ, ಮೀನಿನ ಅಂಗಡಿಯ ಹುಡುಗನಿಗೆ ಯಾರಿದ್ದಾರೆ? ಇವರ ಪಾಲಿಗೆ ಇದ್ದವನು ವರದಿಗಾರನೊಬ್ಬನೇ. ಅವನೂ ಹೋದ ಮೇಲೆ ಮಾರುಕಟ್ಟೆಯ ಸುದ್ದಿ ಪ್ರಕಟಣೆಯ ರೂಪದಲ್ಲಿ ಮಾತ್ರ ಬರುತ್ತದೆ.

ನಮ್ಮ ಸಮುದಾಯದೊಳಗೂ ಒಂದು ಮಾತು ಆಗಾಗ ಕೇಳಿಬರುತ್ತದೆ: 'ಮುಸ್ಲಿಮರ ವರ್ಚಸ್ಸು ಕೆಟ್ಟಿದೆ, ನಮಗೊಂದು ಒಳ್ಳೆಯ ಪ್ರಚಾರ ವಿಭಾಗ ಬೇಕು.' ನಮಗೆ ಬೇಕಾದದ್ದು ಅದಲ್ಲ. 2020ರಲ್ಲಿ ತಬ್ಲೀಗ್ ಜಮಾಅತ್‌ನ ಹೆಸರಿನಲ್ಲಿ ಕೊರೋನಾದ ಹೊಣೆಯನ್ನೇ ಒಂದು ಸಮುದಾಯದ ತಲೆಗೆ ಕಟ್ಟಲಾಯಿತು. ಅದೇ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ವಿದೇಶಿ ಸದಸ್ಯರ ಮೇಲಿನ ಪ್ರಕರಣಗಳನ್ನು ರದ್ದುಪಡಿಸಿ, ಮಾಧ್ಯಮಗಳಲ್ಲಿ ನಡೆದ ಅಪಪ್ರಚಾರವನ್ನು ಎತ್ತಿತೋರಿಸಿತು. ಆ ಸುಳ್ಳನ್ನು ಕೆಡವಿದ್ದು ಬಣ್ಣದ ಕರಪತ್ರವಲ್ಲ, ದಾಖಲೆಗಳ ಪರಿಶೀಲನೆ. ಸುಳ್ಳು ಪ್ರಚಾರಕ್ಕೆ ಮರುಪ್ರಚಾರ ಉತ್ತರವಾಗದು. ನಮ್ಮ ಹುಡುಗ ಹುಡುಗಿಯರು ವರದಿಗಾರರಾಗಲಿ, ನಮ್ಮ ಸಂಸ್ಥೆಗಳ ಲೆಕ್ಕಪತ್ರವನ್ನೂ ಪ್ರಶ್ನಿಸಲಿ. ಹಾಗೆ ಪ್ರಶ್ನಿಸುವವರ ಮಾತನ್ನು ಇತರರೂ ನಂಬುತ್ತಾರೆ.

ಹಾಗಾದರೆ ಮಾಡಬೇಕಾದದ್ದೇನು? ಕಂಪೆನಿ ಸೇರಿದವರು ಅದನ್ನು ಮುಚ್ಚಿಡದೆ ಹೇಳಲಿ, ತಾವು ವರದಿ ಮಾಡುತ್ತಿದ್ದ ಕ್ಷೇತ್ರದ ಕಂಪೆನಿಗೇ ಮರುದಿನ ಹೋಗದಿರಲಿ. ಪತ್ರಿಕೆಗಳು ಪ್ರಕಟಣೆಯನ್ನು ಪ್ರಕಟಣೆಯೆಂದೇ ಅಚ್ಚು ಹಾಕಲಿ. ಮಾಲೀಕರು ಸಂಬಳ ಕೊಡಲಿ. ಓದುಗರಿಗೂ ಒಂದು ಮಾತು: ಪತ್ರಿಕೆಯ ಬೆಲೆ ಒಂದು ರೂಪಾಯಿ ಏರಿದರೆ ಗೊಣಗುವ ನಾವು ಉಳಿದ ಹಣವನ್ನು ಯಾರು ತುಂಬುತ್ತಿದ್ದಾರೆಂದು ಕೇಳುವುದಿಲ್ಲ. ಜಾಹೀರಾತುದಾರ ತುಂಬುತ್ತಿದ್ದಾನೆ. ತಕ್ಕಡಿಯ ಖರ್ಚು ಅವನದಾದರೆ ತೂಕವೂ ಅವನದೇ.