ಅಭ್ಯಂಗವೂ ಆರೋಗ್ಯವೂ

ನರಕಚತುರ್ದಶಿಯ ಮುಂಜಾವಿನಲ್ಲಿ ಎಣ್ಣೆಯೊತ್ತಿಕೊಂಡು ಹಂಡೆಯ ಬಿಸಿನೀರು ಮೀಯದ ಮನೆಗಳು ನಮ್ಮ ನಾಡಿನಲ್ಲಿ ವಿರಳ. ಆದರೆ ವರ್ಷದ ಉಳಿದ ದಿನಗಳಲ್ಲಿ ಈ ಪದ್ಧತಿಯ ಗತಿಯೇನು? ಹಿಂದೆ ಎಷ್ಟೋ ಮನೆಗಳಲ್ಲಿ ಶನಿವಾರ ಗಂಡಸರಿಗೂ ಶುಕ್ರವಾರ ಹೆಂಗಸರಿಗೂ ಎಣ್ಣೆಸ್ನಾನವು ತಪ್ಪದ ವಿಧಿಯಾಗಿತ್ತು. ಇಂದು ಅದು ಮನೆಯಿಂದ ಮರೆಯಾಗುತ್ತ, ವಿಹಾರಧಾಮಗಳಲ್ಲಿ ಧನಿಕರ ಭೋಗವಾಗಿ ಪರಿಣಮಿಸುತ್ತಿದೆ. ಒಂದು ಬಟ್ಟಲು ಎಳ್ಳೆಣ್ಣೆ, ಒಂದು ಹಿಡಿ ಸೀಗೆಪುಡಿಯಿಂದ ಬಡವನಿಗೂ ಸಾಧ್ಯವಾಗಿದ್ದ ಆರೋಗ್ಯಸಾಧನವು ಸಾವಿರಾರು ರೂಪಾಯಿಗಳ ಸರಕಾಗುವುದನ್ನು ಕಂಡು ನಾವು ಸುಮ್ಮನಿರಲಾರೆವು.

ನಮ್ಮ ಆಚಾರ್ಯರು ಅಭ್ಯಂಗವನ್ನು ಭೋಗವೆಂದು ಎಣಿಸಿದವರಲ್ಲ. ಚರಕಸಂಹಿತೆಯ ಸೂತ್ರಸ್ಥಾನದ 5ನೆಯ ಅಧ್ಯಾಯದಲ್ಲಿಯೂ ವಾಗ್ಭಟನ ಅಷ್ಟಾಂಗಹೃದಯದ ದಿನಚರ್ಯೆಯ ಅಧ್ಯಾಯದಲ್ಲಿಯೂ ಅದು ನಿತ್ಯಕರ್ಮಗಳ ಸಾಲಿನಲ್ಲಿಯೇ ಬಂದಿದೆ. ತಲೆ, ಕಿವಿ, ಪಾದಗಳಿಗೆ ವಿಶೇಷವಾಗಿ ಎಣ್ಣೆ ಹಚ್ಚಬೇಕೆಂದು ವಿಧಿಸಿದ ವಾಗ್ಭಟನೇ, ಕಫ ಹೆಚ್ಚಿದವರಿಗೂ ಅಜೀರ್ಣವುಳ್ಳವರಿಗೂ ಅದು ಕೂಡದೆಂದು ನಿಷೇಧಿಸಿರುವುದನ್ನು ಗಮನಿಸತಕ್ಕದ್ದು. ಎಲ್ಲರಿಗೂ ಎಲ್ಲ ರೋಗಕ್ಕೂ ಒಂದೇ ಎಣ್ಣೆಯೆಂದು ಸಾರುವ ಇಂದಿನ ವ್ಯಾಪಾರಿಗಳಿಗೆ ಈ ವಿವೇಕವಿಲ್ಲ.

ಹಳೆಯದೆಂಬ ಒಂದೇ ಕಾರಣಕ್ಕೆ ಯಾವುದನ್ನೂ ಒಪ್ಪಬೇಕೆಂದು ನಾವು ಹೇಳುವುದಿಲ್ಲ. ಹಳೆಯದೆಂದು ಹಳಿಯುವುದೂ ಸಲ್ಲದು. ಪರೀಕ್ಷೆಯೇ ಪ್ರಮಾಣ. ಢಾಕಾ ನಗರದ ಮಕ್ಕಳ ಆಸ್ಪತ್ರೆಯಲ್ಲಿ, ತಿಂಗಳು ತುಂಬದೆ ಹುಟ್ಟಿದ ಶಿಶುಗಳ ಮೈಗೆ ಸೂರ್ಯಕಾಂತಿ ಎಣ್ಣೆಯನ್ನು ಹದವಾಗಿ ಸವರಿ ನೋಡಿದರು. ಆಸ್ಪತ್ರೆಯಲ್ಲಿ ತಗಲುವ ಸೋಂಕು ಆ ಶಿಶುಗಳಲ್ಲಿ ಶೇಕಡಾ 41ರಷ್ಟು ಕಡಿಮೆಯಾಯಿತೆಂದು 2005ರಲ್ಲಿ ಪ್ರಕಟವಾಯಿತು. ಚರ್ಮವನ್ನು ಕಾಯುವ ಶಕ್ತಿ ತಕ್ಕ ಎಣ್ಣೆಗಿದೆಯೆಂಬುದಕ್ಕೆ ಇದು ಸಾಕ್ಷಿ. ಅದೇ ಪರೀಕ್ಷೆಯ ಕಣ್ಣಿನಿಂದ ನೋಡಿದರೆ ನಮ್ಮಲ್ಲಿಯೂ ತಿದ್ದಿಕೊಳ್ಳಬೇಕಾದುದುಂಟು. ಹಸುಗೂಸಿನ ಮೂಗಿಗೂ ಬಾಯಿಗೂ ಎಣ್ಣೆ ಬಿಡುವ ರೂಢಿ ಅಪಾಯಕರವಾದುದು. ಎಣ್ಣೆ ಪುಪ್ಪುಸಕ್ಕೆ ಇಳಿದರೆ ಉರಿಯೂತವುಂಟಾಗಿ ಪ್ರಾಣಕ್ಕೇ ಸಂಚಕಾರ ಬರಬಹುದು. ಮನೆಯ ಹಿರಿಯರು ಇದನ್ನು ಈ ಕ್ಷಣವೇ ಕೈಬಿಡಬೇಕು.

ಇದಕ್ಕಿಂತ ದೊಡ್ಡ ಕೇಡು ಕಲಬೆರಕೆ ಮತ್ತು ಸುಳ್ಳು ಪ್ರಚಾರ. 1998ರಲ್ಲಿ ದಿಲ್ಲಿಯಲ್ಲಿ ಸಾಸಿವೆ ಎಣ್ಣೆಗೆ ದತ್ತೂರಿಗಿಡದ ಎಣ್ಣೆ ಬೆರೆತು ಅನೇಕರು ಅಸುನೀಗಿದುದನ್ನು ದೇಶವು ಮರೆಯಬಾರದು. ಗಾಣದ ಎಣ್ಣೆಯೆಂಬ ಹೆಸರು ಹೊತ್ತ ಸೀಸೆಯಲ್ಲಿರುವುದೇನೆಂದು ಕೊಳ್ಳುವವನಿಗೆ ತಿಳಿಯುವ ಬಗೆ ಯಾವುದು? ಲಕ್ವ, ಸಿಹಿಮೂತ್ರ ಮೊದಲಾದ ರೋಗಗಳನ್ನು ಗುಣಪಡಿಸುವೆವೆಂದು ಜಾಹೀರಾತು ಮಾಡುವುದನ್ನು 1954ರ ಕಾನೂನು ನಿಷೇಧಿಸಿದೆ. ಕಾನೂನು ಪುಸ್ತಕದಲ್ಲಿದೆ, ಜಾಹೀರಾತು ಬೀದಿಬೀದಿಯಲ್ಲಿದೆ! ಎಣ್ಣೆಯನ್ನು ನಂಬಿ ಲಕ್ವದ ರೋಗಿಯನ್ನು ಆಸ್ಪತ್ರೆಗೆ ಒಯ್ಯಲು ತಡಮಾಡಿದರೆ, ಕಳೆದ ಪ್ರತಿಯೊಂದು ಗಳಿಗೆಯೂ ಅವನ ಕೈಕಾಲುಗಳ ಬೆಲೆ ತೆರುತ್ತದೆ.

ಮೈಸೂರಿನಲ್ಲಿ 1908ರಷ್ಟು ಹಿಂದೆಯೇ ಸರಕಾರಿ ಆಯುರ್ವೇದ ವಿದ್ಯಾಲಯವನ್ನು ಕಂಡ ನಾಡು ನಮ್ಮದು. ಕೇಂದ್ರದಲ್ಲಿ 2014ರಿಂದ ಆಯುಷ್ ಮಂತ್ರಾಲಯವೇ ಪ್ರತ್ಯೇಕವಾಗಿದೆ. ಮಂತ್ರಾಲಯವು ಮಹೋತ್ಸವಗಳಿಂದ ತೃಪ್ತವಾಗಬಾರದು. ಮಾರಾಟವಾಗುವ ತೈಲಗಳನ್ನು ಆಗಾಗ ಪರೀಕ್ಷಿಸಿ ಫಲಿತಾಂಶವನ್ನು ಕನ್ನಡದಲ್ಲಿ ಪ್ರಕಟಿಸಲಿ. ಸುಳ್ಳು ಜಾಹೀರಾತುಗಾರರನ್ನು ಶಿಕ್ಷಿಸಲಿ. ಸರಕಾರಿ ಆಯುರ್ವೇದ ಚಿಕಿತ್ಸಾಲಯಗಳಲ್ಲಿ ಬಡವರಿಗೂ ಅಭ್ಯಂಗ, ಸ್ವೇದನಗಳು ದೊರೆಯುವಂತಾಗಲಿ. ಯಾರಿಗೆ ಯಾವುದು ಸಲ್ಲದು ಎಂಬುದನ್ನು ಅಲ್ಲಿಯ ವೈದ್ಯರು ಜನರಿಗೆ ತಿಳಿಸಲಿ.

ನಮ್ಮ ವಾಚಕರ ಹೊಣೆಯೂ ಕಡಿಮೆಯದಲ್ಲ. ಸ್ವದೇಶಿಯ ಅಭಿಮಾನವು ಭಾಷಣದಲ್ಲಿ ಮುಗಿಯತಕ್ಕದ್ದಲ್ಲ. ಕಛೇರಿಯ ಕುರ್ಚಿಯಲ್ಲಿ ದಿನವಿಡೀ ಕುಳಿತು ಮೈ ಜಡ್ಡುಗಟ್ಟಿದವರು ವಾರಕ್ಕೊಂದು ದಿನ ಒಂದು ಗಂಟೆಯನ್ನು ಎಣ್ಣೆಸ್ನಾನಕ್ಕೆ ಮೀಸಲಿಡುವುದು ಕಷ್ಟವೇ? ಮನೆಯ ಬಚ್ಚಲಲ್ಲಿಯೇ ಉಳಿಸಿಕೊಳ್ಳಬಹುದಾದ ಈ ಒಳ್ಳೆಯ ಪದ್ಧತಿಯನ್ನು ವ್ಯಾಪಾರಿಗಳ ಕೈಗೆ ಒಪ್ಪಿಸಿ, ಮತ್ತೆ ಅವರಿಂದಲೇ ದುಬಾರಿಗೆ ಕೊಳ್ಳುವ ದುಃಸ್ಥಿತಿ ಕನ್ನಡಿಗರಿಗೆ ಬಾರದಿರಲೆಂದು ಹಾರೈಸುತ್ತೇವೆ.